ರಕಾರದ ಇಳಿ

ರಾತ್ರಿ ಹನ್ನೊಂದೂವರೆ. ಬೆಟಗೇರಿ ರಸ್ತೆಯ ಪ್ರೆಸ್ಸಿನಲ್ಲಿ
ನಾನು, ಟ್ಯೂಬ್‌ಲೈಟು, ಆರಿದ ಚಹಾ,
ಸ್ಪರ್ಧಾ ಪರೀಕ್ಷೆಯ ಗೈಡಿನ ಕರಡು.
ಅಧ್ಯಾಯ ಹದಿನೇಳು: ನೇಪಾಳ, ಪ್ರಾಚೀನದಿಂದ ಆಧುನಿಕದವರೆಗೆ.
ಇರುವುದೇ ನಾಲ್ಕು ಪುಟ.
"ಮೂರಕ್ಕ ಇಳಸ್ರಿ ಅಕ್ಕಾರ, ಕಾಗದ ತುಟ್ಟಿ ಆಗೇತಿ"
ಅಂದು ಮನೆಗೆ ಹೋಗಿದ್ದಾರೆ ಗುಜಮಾಗಡಿ ಮಾಲಕರು.

ಸರಿ, ಕತ್ತರಿಸುತ್ತ ಹೊರಟೆ.
ಕಣಿವೆಯೆಲ್ಲ ಒಂದು ಕಾಲಕ್ಕೆ ಕೆರೆಯಾಗಿತ್ತಂತೆ,
ಯಾರೋ ಖಡ್ಗದಿಂದ ಗುಡ್ಡ ಸೀಳಿ ನೀರು ಹರಿಸಿದರಂತೆ.
'ಅಂತೆ'ಗೆ ಅಂಕವಿಲ್ಲ. ತೆಗೆದೆ.
ಕಿರಾತರಿಗೆ ಒಂದು ಸಾಲು, ಲಿಚ್ಛವಿಗಳಿಗೆ ಎರಡು.
ಲುಂಬಿನಿ ಮುಟ್ಟುವಂತಿಲ್ಲ, ವರ್ಷಾ ಕೇಳುತ್ತಾರೆ.

ಆಮೇಲೆ ಈ ಸಾಲು:
ಚಾಲುಕ್ಯರ ದಂಡಿನ ಜೊತೆ ಬಡಗಣಕ್ಕೆ ಹೋದವನು ಎನ್ನಲಾದ
ಒಬ್ಬ ಕರ್ಣಾಟ ನಾಯಕ, ತಿರುಗಿ ಬರದೆ,
ತರಾಯಿಯ ಸಿಮ್ರೌನಗಢದಲ್ಲಿ ಕೋಟೆ ಕಟ್ಟಿ ಆಳಿದ.
ಬಿರುದು, ಕರ್ಣಾಟಕುಲಭೂಷಣ.

ಪೆನ್ಸಿಲ್ ನಿಂತಿತು.
ನಾನು ಲಕ್ಕುಂಡಿಯವಳು. ನಮ್ಮ ಓಣಿಯ ಶಾಸನದ ಕಲ್ಲಿನ ಮೇಲೆ
ಆಯಿ ಶಾವಿಗೆ ಒಣಹಾಕುತ್ತಿದ್ದಳು.
ಅವನು ಯಾವ ಓಣಿಯವನೋ. ಬುತ್ತಿ ಕಟ್ಟಿದವಳು ಯಾರೋ.
ಎಷ್ಟು ಸುಗ್ಗಿಯ ತನಕ ಅವಳು
ದಂಡು ಹಾಯ್ದ ದಾರಿಯ ಕಡೆ ಮುಖ ಮಾಡಿ ಜೋಳ ಕೇರಿದಳೋ.
ಗೈಡು ಹೇಳುವುದಿಲ್ಲ.

ಹೊರಗೆ ಸೀಟಿ. ಕಂಬಕ್ಕೆ ಕೋಲಿನ ಎರಡು ಬಡಿತ.
ತಿಂಗಳ ಮೊದಲ ತಾರೀಖು, ಪಾವತಿ ಪುಸ್ತಕ ಹಿಡಿದು ಬಾಗಿಲಲ್ಲಿ
ಓಣಿಗೆಲ್ಲ ಬಹಾದ್ದೂರ, ಪುಸ್ತಕದಲ್ಲಿ ಜನಕ ಬುಢಾ.
ಮೂವತ್ತು ರೂಪಾಯಿ ಕೊಟ್ಟೆ, ತಂಬಿಗೆ ನೀರು ಕೊಟ್ಟೆ,
ಆ ಸಾಲು ಓದಿ ಹೇಳಿದೆ.
ಇಪ್ಪತ್ತು ವರ್ಷ ಗದಗಿನ ನೀರು ಕುಡಿದ ಕನ್ನಡದಲ್ಲಿ ಅವನೆಂದ:
"ನಿಮ್ಮಾಂವ ಅಲ್ಲಿ ಹ್ವಾದ, ರಾಜಾ ಆದ.
ನಾ ಇಲ್ಲಿ ಬಂದ್ಯಾ, ಬಹಾದ್ದೂರ ಆದ್ಯಾ."
ನಕ್ಕ. ನಾನು ನಗಲೋ ಬ್ಯಾಡೋ ಅಂತಿದ್ದೆ.

"ಗೂರ್ಖಾ ಅಂತೀರಿ. ಗೋರ್ಖಾದಾವ ಅಲ್ರಿ ನಾ.
ನಮ್ಮದು ಜಾಜರಕೋಟ. ನಮಗೂ ಒಬ್ಬ ರಾಜಾ ಇದ್ದ,
ಗೋರ್ಖಾದವರು ಬಂದ್ರು, ಸಣ್ಣ ರಾಜಾ ಆದ."
ರಾಣಾಗಳ ನೂರಾ ನಾಲ್ಕು ವರ್ಷ, ಎಂದು ಓದಿದೆ.
ಬೆರಳು ಮಡಚಿದ: ಅಜ್ಜ, ಅಜ್ಜನ ಅಪ್ಪ, ಅವನಪ್ಪ.
"ಮೂರು ಬೆನ್ನು, ಅಕ್ಕಾ. ಉಪ್ಪಿನ ಮೂಟಿ ಹೊತ್ತ ಬೆನ್ನು."
ದಶಕದ ಅಂತರ್ಯುದ್ಧ, ಎಂದು ಓದಿದೆ.
ಹಗಲಿಗೆ ಸಿಪಾಯಿ ಬಂದು ರೊಟ್ಟಿ ಕೇಳುತ್ತಿದ್ದರಂತೆ,
ರಾತ್ರಿಗೆ ಕಾಡಿನವರು.
ಇಬ್ಬರಿಗೂ ಬಡಿಸಿದ್ದಕ್ಕೆ ಇಬ್ಬರೂ ಹೊಡೆದರಂತೆ.
ಅವ್ವ ಹದಿನಾರರ ಮಗನಿಗೆ ಇಳಿ ಅಂದಳಂತೆ.
ಗುಡ್ಡ ಇಳಿ, ನದಿ ದಾಟು, ಹೋಗು.
ರೈಲು ನಿಂತಲ್ಲೆಲ್ಲ ಇಳಿದು, ಹತ್ತಿ, ಇಳಿದು,
ಕಡೆಗೊಂದು ನಸುಕು ಗದಗ ಜಂಕ್ಷನ್.

ಕೊನೆಯ ಪ್ಯಾರಾಕ್ಕೆ ಬಂದೆ. ಅಲ್ಲಿತ್ತು ತಪ್ಪು:
'ಎರಡು ಸಾವಿರದ ಎಂಟರಲ್ಲಿ ನೇಪಾಳದ ಕೊನೆಯ ರಜಾ.'
"ರಕಾರಕ್ಕ ಇಳಿ ಬಿಟ್ಟೇತಿ," ಅಂದೆ, "ರಾಜಾ ಆಗಬೇಕು.
ಅರಮನೆಯಿಂದ ಇಳಿದು ಹ್ವಾದ ನೋಡು, ಅಂವ."
ಜನಕ ನಗಲಿಲ್ಲ ಈ ಸಲ.
"ನನ್ನ ಕಡೀ ರಜಾ ಭೂಮಿ ನಡುಗಿದ ವರ್ಷ.
ಹೋಗೋದ್ರಾಗ ಅವ್ವನ್ನ ಕಲ್ಲಿನ ಕೆಳಗಿಂದ ತಗದಿದ್ರು."
ತಂಬಿಗೆ ತಿರುವಿ, ಉಳಿದ ನೀರು ಮೆಟ್ಟಿಲ ಪಕ್ಕದ
ತುಳಸಿಗೆ ಸುರಿದು, ಕೋಲು ಎತ್ತಿಕೊಂಡ.

ಸೀಟಿ ನೇಕಾರ ಓಣಿ ದಾಟಿತು,
ಮಗ್ಗಗಳು ಮಲಗಿದ ಕಡೆ ತುಸು ಮೆಲ್ಲಗೆ ಊದಿದನೇನೋ.
ನಾನು ರಕಾರಕ್ಕೆ ಇಳಿ ಹಚ್ಚಿದೆ.
ಕರ್ಣಾಟ ನಾಯಕನ ಸಾಲು ಮಾತ್ರ ತೆಗೆಯಲಾಗಲಿಲ್ಲ.
ಕೆರೆಯ ಕಥೆಯನ್ನೂ, ಅದೇನು ತಿಳಿಯಿತೋ,
ಅಳಿಸಿದ ಗೆರೆಯ ಕೆಳಗೆ ಚುಕ್ಕಿ ಇಟ್ಟು
'ಇರಲಿ' ಎಂದು ಬರೆದೆ.

ಮೂರೂಮುಕ್ಕಾಲು ಪುಟ.
ನಸುಕಿಗೆ ಮಾಲಕರು ಬೈಯುತ್ತಾರೆ.